ಹೊಲದ ಹಕ್ಕಿ: ಕಳ್ಳನೋ, ಆಳೋ?



ಕಳೆದ ಕಾರ್ತಿಕ ಮಾಸದಲ್ಲಿ ಬೇಗೂರಿಗೆ ಹೋಗಿದ್ದೆ. ಬೇಗೂರು ಬೆಂಗಳೂರಿನ ದಕ್ಷಿಣದಂಚಿನ ಹಳೆಯ ಊರು. ಸುಮಾರು ಕ್ರಿ.ಶ. 890ರ ಕಾಲದ ಇಲ್ಲಿನ ವೀರಗಲ್ಲಿನ ಶಾಸನದಲ್ಲಿ ‘ಬೆಂಗಳೂರು’ ಎಂಬ ಹೆಸರು ಬರುತ್ತದೆ. ಒಂದು ಕಡೆ ಹೊಸೂರು ರಸ್ತೆ, ಇನ್ನೊಂದು ಕಡೆ ಬನ್ನೇರುಘಟ್ಟ ರಸ್ತೆ, ನಡುವೆ ದೊಡ್ಡ ಕೆರೆ. ಒಂದು ಕಾಲಕ್ಕೆ ರಾಗಿ, ಅವರೆ, ಹುಚ್ಚೆಳ್ಳು ಬೆಳೆಯುತ್ತಿದ್ದ ಭೂಮಿ ಇಂದು ಬಹುಪಾಲು ಬಡಾವಣೆಯಾಗಿದೆ. ಅಲ್ಲೊಂದು ಇಲ್ಲೊಂದು ಹೊಲ ಉಳಿದಿದೆ.

ಅಂಥದೊಂದು ಹೊಲದ ಬದುವಿನ ಮೇಲೆ ಅರವತ್ತು ದಾಟಿದ ರೈತರೊಬ್ಬರು ಖಾಲಿ ಡಬ್ಬ ಬಡಿಯುತ್ತಾ ನಿಂತಿದ್ದರು. ಒಂದೆಕರೆ ರಾಗಿ, ಅದರೊಳಗೆ ಸಾಲು ಅವರೆ. ಹೊಲದ ಮೂರು ಕಡೆ ಎತ್ತರದ ಕಟ್ಟಡ. ರಾಗಿ ತೆನೆಗಳಲ್ಲಿ ಹಲವು ಬರಿದಾಗಿದ್ದವು. ನಾನು ಯಾರೆಂದು ತಿಳಿದ ಮೇಲೆ ಅವರು ಹೀಗೆಂದರು: “ಸ್ವಾಮಿ, ಹುಳಕ್ಕೆ ಔಷಧಿ ಬರ್ಕೊಡ್ತೀರಿ, ರೋಗಕ್ಕೆ ಬರ್ಕೊಡ್ತೀರಿ. ಈ ಹಕ್ಕಿಗಳಿಗೂ ಒಂದು ಬರ್ಕೊಡಿ. ಇಲ್ಲಾಂದ್ರೆ ಬರೋ ವರ್ಷ ಉಳೋದೇ ಇಲ್ಲ, ಬಿಟ್ಟುಬಿಡ್ತೀನಿ.”

ಹಕ್ಕಿಗೆ ಔಷಧಿ ಇಲ್ಲ, ಇರಲೂಬಾರದು. ಆದರೆ ಅಷ್ಟು ಹೇಳಿ ಜೀಪು ಹತ್ತಿದರೆ ಅದು ಉತ್ತರವಾಗುವುದಿಲ್ಲ. ಅವರ ನಷ್ಟ ನಿಜವಾದದ್ದು. ಹಕ್ಕಿಯನ್ನು ಹೆಸರು ಹಿಡಿದು ಶತ್ರುವೆಂದೋ ಮಿತ್ರನೆಂದೋ ಕರೆಯುವ ಅಭ್ಯಾಸವನ್ನು ನಾವು, ಅಂದರೆ ರೈತರೂ ವಿಜ್ಞಾನಿಗಳೂ, ಬಿಡಬೇಕೆಂಬುದು ನನ್ನ ಅಭಿಪ್ರಾಯ. ಯಾವ ಹಕ್ಕಿ, ಯಾವ ಕಾಲದಲ್ಲಿ, ಏಕೆ ಈ ಹೊಲಕ್ಕೇ ಬಂತು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡ ಮೇಲೆಯೇ ಡಬ್ಬ ಬಡಿಯಬೇಕೋ ಬೇಡವೋ ಎಂದು ನಿರ್ಧರಿಸಬೇಕು.

ಕೊಕ್ಕೇ ಕಸುಬು ಹೇಳುತ್ತದೆ

ಜಗತ್ತಿನಲ್ಲಿ ಸುಮಾರು 11,000 ಜಾತಿಯ ಹಕ್ಕಿಗಳಿವೆ. ಭಾರತದಲ್ಲಿಯೇ 1,300ಕ್ಕೂ ಹೆಚ್ಚು ಜಾತಿಗಳು ದಾಖಲಾಗಿವೆ. ಆಫ್ರಿಕದ ಉಷ್ಟ್ರಪಕ್ಷಿ ನೂರು ಕಿಲೋಗೂ ಮೀರಿ ತೂಗುತ್ತದೆ. ಹಾರಲಾರದು, ಆದರೆ ಕುದುರೆಯಂತೆ ಓಡಬಲ್ಲದು. ಅದರ ಒಂದು ಮೊಟ್ಟೆ ಸುಮಾರು ಎರಡು ಡಜನ್ ಕೋಳಿಮೊಟ್ಟೆಗೆ ಸಮ. ಕ್ಯೂಬಾ ದ್ವೀಪದ ಝೇಂಕಾರದ ಹಕ್ಕಿಯ ತೂಕವೋ ಕೇವಲ 2 ಗ್ರಾಂ. ಹೂವಿನ ಮುಂದೆ ಗಾಳಿಯಲ್ಲಿ ನಿಂತೇ ಮಕರಂದ ಹೀರುತ್ತದೆ. ದೊಡ್ಡ ಡೇಗೆ ಬೇಟೆಗೆರಗುವಾಗ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಇಳಿಯುತ್ತದೆ. ಪಟ್ಟೆತಲೆ ಹೆಬ್ಬಾತು ಮಂಗೋಲಿಯ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಬಂದು ಸುತ್ತಲ ಹೊಲಗಳಲ್ಲಿ ಮೇಯುತ್ತದೆ. ಆ ಕೆರೆಗೆ 2024ರಲ್ಲಿ ರಾಮ್ಸರ್ ತಾಣದ ಮನ್ನಣೆ ದೊರೆಯಿತು.

ಇಷ್ಟು ವೈವಿಧ್ಯದ ನಡುವೆ ರೈತನಿಗೆ ಬೇಕಾದ ಸೂತ್ರ ಒಂದೇ. ಕಮ್ಮಾರನ ಕುಲುಮೆಯಲ್ಲಿ ಇಕ್ಕಳ, ಉಳಿ, ಸುತ್ತಿಗೆ ಬೇರೆ ಬೇರೆ ಇರುವಂತೆ ಹಕ್ಕಿಯ ಕೊಕ್ಕು ಅದರ ಕಸುಬಿಗೆ ತಕ್ಕಂತಿದೆ. ಗುಬ್ಬಿ, ಗೀಜಗ, ರಾಟವಾಳಗಳದು ಕಾಳಿನ ಸಿಪ್ಪೆ ಬಿಡಿಸುವ ಗಿಡ್ಡ, ದಪ್ಪ ಕೊಕ್ಕು. ಗಿಳಿಯದು ಕಾಯಿ ಒಡೆಯುವ ಬಾಗಿದ ಕೊಕ್ಕು. ಕಾಜಾಣ, ನೀಲಕಂಠಗಳದು ಹುಳ ಹಿಡಿಯುವ ಗಟ್ಟಿ ಚಿಮಟ. ಚಂದ್ರಮುಕುಟದ ಉದ್ದ ಕೊಕ್ಕು ಮಣ್ಣಿನೊಳಗಿನ ಹುಳು ಕೀಳುವ ಸೂಜಿ. ಗೂಬೆ, ಹದ್ದುಗಳದು ಮಾಂಸ ಹರಿಯುವ ಕೊಕ್ಕೆ. ಬೇಗೂರು ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಿಂತರೆ ಈ ಪಾಠ ಮುಗಿಯುತ್ತದೆ. ಹೆಜ್ಜಾರ್ಲೆ ಚೀಲದಂಥ ಕೊಕ್ಕಿನಿಂದ ನೀರನ್ನೇ ಮೊಗೆದು ಮೀನು ಹಿಡಿಯುತ್ತದೆ. ನೀರುಕಾಗೆ ಮುಳುಗಿ ಹಿಡಿಯುತ್ತದೆ, ಬಕ ನಿಂತಲ್ಲೇ ಕಾದು ಕುಕ್ಕುತ್ತದೆ. ಒಂದೇ ಕೆರೆ, ಒಂದೇ ಮೀನು. ಕಸುಬು ಮಾತ್ರ ಬೇರೆ ಬೇರೆ.

ಆದುದರಿಂದ ನಿಮ್ಮ ಹೊಲದಲ್ಲಿ ಹಕ್ಕಿ ಕಂಡ ಕೂಡಲೇ ಮೊದಲು ಅದರ ಕೊಕ್ಕು ನೋಡಿ. ಚಿಮಟದಂಥ ಕೊಕ್ಕಿನ ಹಕ್ಕಿ ರಾಗಿಯ ಸಾಲಿನಲ್ಲಿ ಕುಳಿತಿದ್ದರೆ ಅದು ತೆನೆಗೆ ಬಂದದ್ದಲ್ಲ, ತೆನೆಯಲ್ಲಿರುವ ಹುಳಕ್ಕೆ ಬಂದದ್ದು.

ಒಂದೇ ಹಕ್ಕಿ, ಎರಡು ನ್ಯಾಯ

ಕೊಕ್ಕು ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಉಳಿದರ್ಧವನ್ನು ಕಾಲ ಮತ್ತು ಸ್ಥಳ ಹೇಳುತ್ತವೆ. ಉತ್ತರ ಕರ್ನಾಟಕದ ಜೋಳದ ರೈತರು ಗುಲಾಬಿ ಕಬ್ಬಕ್ಕಿಯನ್ನು ಬಲ್ಲರು. ಚಳಿಗಾಲದಲ್ಲಿ ಮೋಡದಂತೆ ಗುಂಪುಗುಂಪಾಗಿ ಬಂದು ಹಾಲು ತುಂಬಿದ ತೆನೆಗೆ ಎರಗುತ್ತದೆ. ಇಲ್ಲಿ ಅದು ಕಳ್ಳ. ಇದೇ ಹಕ್ಕಿ ಬೇಸಿಗೆಯಲ್ಲಿ ಮರಿ ಮಾಡಲು ಮಧ್ಯ ಏಷ್ಯಕ್ಕೆ ಮರಳುತ್ತದೆ. ಅಲ್ಲಿ ಅದರ ಮುಖ್ಯ ಆಹಾರ ಮಿಡತೆ. ಚೀನಾದ ಷಿನ್‌ಜಿಯಾಂಗ್ ಪ್ರಾಂತದಲ್ಲಿ ಮಿಡತೆ ಹತೋಟಿಗಾಗಿ ಈ ಹಕ್ಕಿಗೆಂದೇ ಕಲ್ಲುಗಳ ರಾಶಿ ಒಟ್ಟಿ ಗೂಡಿಗೆ ಜಾಗ ಮಾಡಿಕೊಡುತ್ತಾರೆ. ಅಲ್ಲಿ ಅದು ಕೂಲಿ ಕೇಳದ ಆಳು.

ನಮ್ಮ ಗೊರವಂಕದ ಕಥೆ ಇದಕ್ಕೆ ತಿರುವುಮುರುವು. 1762ರಲ್ಲಿ ಭಾರತದಿಂದ ಮಾರಿಷಸ್ ದ್ವೀಪಕ್ಕೆ ಇದನ್ನು ಒಯ್ದದ್ದು ಕೆಂಪು ಮಿಡತೆಯ ಹತೋಟಿಗೆ. 19ನೆಯ ಶತಮಾನದಲ್ಲಿ ಆಸ್ಟ್ರೇಲಿಯದವರೂ ಹುಳ ತಿನ್ನಲೆಂದು ತರಿಸಿಕೊಂಡರು. ಇಂದು ಅಲ್ಲಿ ಅದು ಸ್ಥಳೀಯ ಹಕ್ಕಿಗಳ ಗೂಡು ಕಸಿಯುವ, ಹಣ್ಣು ಹಾಳುಮಾಡುವ ಪೀಡೆ. ಉಳುವ ನೇಗಿಲಿನ ಹಿಂದೆ ಹೆಜ್ಜೆ ಹಾಕುತ್ತಾ ಗೊಣ್ಣೆಹುಳು ಆರಿಸುವ ನಮ್ಮ ಗೊರವಂಕ ಅದೇ!

ಲೆಕ್ಕ ತಪ್ಪಿದವರ ಉದಾಹರಣೆಯೂ ಇದೆ. 1958ರಲ್ಲಿ ಚೀನಾ ಸರ್ಕಾರ ಇಲಿ, ನೊಣ, ಸೊಳ್ಳೆಗಳ ಜೊತೆಗೆ ಗುಬ್ಬಿಯನ್ನೂ ಪೀಡೆಯೆಂದು ಸಾರಿತು. ಊರೂರುಗಳಲ್ಲಿ ಜನ ತಟ್ಟೆ, ಡೋಲು ಬಡಿದು ಗುಬ್ಬಿಗಳು ಕೂರದಂತೆ ಓಡಿಸಿದರು. ದಣಿದು ಬಿದ್ದು ಸತ್ತವು ಅಸಂಖ್ಯ. ಗುಬ್ಬಿ ತಿನ್ನುವ ಕಾಳನ್ನು ಎಣಿಸಿದ್ದರು, ತಿನ್ನುವ ಹುಳವನ್ನು ಎಣಿಸಿರಲಿಲ್ಲ. ಹುಳಗಳ ಬಾಧೆ ಹೆಚ್ಚಿತು. 1960ರಲ್ಲಿ ಗುಬ್ಬಿಯ ಹೆಸರನ್ನು ಪಟ್ಟಿಯಿಂದ ತೆಗೆದು ಆ ಜಾಗಕ್ಕೆ ತಿಗಣೆಯನ್ನು ಸೇರಿಸಿದರು. ಆ ವರ್ಷಗಳ ಭೀಕರ ಕ್ಷಾಮಕ್ಕೆ ಕಾರಣಗಳು ಹಲವು. ಗುಬ್ಬಿಯ ಬೇಟೆಯೂ ಅವುಗಳಲ್ಲಿ ಒಂದೆಂದು ಎಣಿಸಲಾಗಿದೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಗುಬ್ಬಿ, ಗೀಜಗಗಳು ತಾವು ಕಾಳು ತಿಂದರೂ ಮರಿಗಳಿಗೆ ಹುಳ, ಮಿಡತೆ ಹಿಡಿದು ಉಣಿಸುತ್ತವೆ. ಎಳೆಯ ಮರಿಗೆ ಮೈ ಬೆಳೆಯಲು ಹುಳವೇ ಬೇಕು. ಆದ್ದರಿಂದ ಮರಿ ಮಾಡುವ ಕಾಲದಲ್ಲಿ ಅವು ನಿಮ್ಮ ಆಳು, ತೆನೆ ಕಟ್ಟಿದ ಕಾಲದಲ್ಲಿ ಕಳ್ಳ. ಪಾರಿವಾಳದ ಮಾತು ಬೇರೆ. ಅದು ಮರಿಗೆ ತನ್ನ ಗಂಟಲ ಚೀಲದಲ್ಲಿ ಊರುವ ಹಾಲಿನಂಥ ದ್ರವವನ್ನೇ ಕುಡಿಸುತ್ತದೆ, ತಾನು ಕಾಳು ತಿನ್ನುತ್ತದೆ. ಹುಳದ ಗೊಡವೆಗೆ ಅದು ಹೋಗುವುದು ಅಪರೂಪ. ಗಿಳಿಯೂ ಸಸ್ಯಾಹಾರಿಯೇ, ಸೂರ್ಯಕಾಂತಿ, ಮುಸುಕಿನ ಜೋಳದಲ್ಲಿ ಅದು ತಿನ್ನುವುದಕ್ಕಿಂತ ಕತ್ತರಿಸಿ ಕೆಡವುವುದೇ ಹೆಚ್ಚು. ಹಕ್ಕಿಗಳೆಲ್ಲ ರೈತನ ಮಿತ್ರರೆಂದು ಭಾಷಣ ಮಾಡುವವರು ಗಿಳಿ ಬಿದ್ದ ಸೂರ್ಯಕಾಂತಿ ಹೊಲವನ್ನು ಒಮ್ಮೆ ನೋಡಿ ಬರಬೇಕು.

ನಾನು ಮಾಡಿದ ತಪ್ಪು

ಸುಮಾರು ಹದಿನೈದು ವರ್ಷಗಳ ಹಿಂದೆ ನನ್ನದೊಂದು ಪ್ರಯೋಗದ ತಾಕಿನಲ್ಲಿ ಅವರೆ ಇತ್ತು. ಪಕ್ಕದ ಜೋಳಕ್ಕೆ ಹಕ್ಕಿ ಬೀಳುತ್ತಿದೆಯೆಂದು ನಾನು ಎರಡಕ್ಕೂ ಬಲೆ ಹೊದಿಸಿಬಿಟ್ಟೆ. ಜೋಳ ಉಳಿಯಿತು. ಆದರೆ ಬಲೆಯೊಳಗಿನ ಅವರೆಯಲ್ಲಿ ಕಾಯಿಕೊರಕ ಹುಳುಗಳು ಬಲೆಯ ಹೊರಗಿನ ಸಾಲಿಗಿಂತ ಎದ್ದು ಕಾಣುವಷ್ಟು ಹೆಚ್ಚಾಗಿದ್ದವು. ಕೂಲಿಗೆ ಬಂದಿದ್ದ ಹೆಂಗಸೊಬ್ಬರು ನಕ್ಕು, “ಕಾಜಾಣನ್ನ ಹೊರಗೆ ಹಾಕಿ ಹುಳಾನ ಒಳಗೆ ಕೂಡಿ ಹಾಕಿದೀರಲ್ಲ ಸಾರ್” ಎಂದರು. ನಾನದನ್ನು ಪ್ರಯೋಗವೆಂದು ಕ್ರಮಬದ್ಧವಾಗಿ ಮಾಡಿರಲಿಲ್ಲ. ಆದ್ದರಿಂದ ಅಂಕಿ ಕೊಡುವುದಿಲ್ಲ. ಆದರೆ ನನ್ನ ಡಾಕ್ಟರೇಟು ಕಲಿಸದಿದ್ದುದನ್ನು ಆ ಮಾತು ಕಲಿಸಿತು.

ನಮ್ಮ ಹಿರಿಯರ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇರುತ್ತಿತ್ತು. ಅವರೆ, ಹುಚ್ಚೆಳ್ಳು, ಜೋಳ, ಔಡಲ. ಆ ಜೋಳದ ದಂಟು, ಔಡಲದ ಕೊಂಬೆಗಳೇ ಕಾಜಾಣಕ್ಕೆ ಕೂರುವ ಕಂಬಗಳಾಗಿದ್ದವು. ಇಂದು ನಾವು ಎಕರೆಗೆ 15ರಿಂದ 20 ಕವಲುಕೋಲು ನೆಡಿ ಎಂದು ಶಿಫಾರಸು ಮಾಡುತ್ತೇವೆ. ತೆಗೆದದ್ದನ್ನೇ ಮತ್ತೆ ನೆಡುತ್ತಿದ್ದೇವೆ.

ವಿಷದ ದಾರಿ ಎಲ್ಲಿಗೆ?

ಇನ್ನು ಬೇಗೂರಿನ ರೈತರು ಕೇಳಿದ ‘ಔಷಧಿ’ಯ ಮಾತು. ಕಾಳಿಗೆ ಕೀಟನಾಶಕ ಬೆರೆಸಿ ಬದುವಿನ ಮೇಲೆ ಚೆಲ್ಲುವವರು ಅಲ್ಲಲ್ಲಿ ಇದ್ದಾರೆ. ಗಿಳಿ, ನವಿಲು ಮುಂತಾದ ಹಕ್ಕಿಗಳನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೆಂಬುದು ಒಂದು ಮಾತು. ವಿಷಕ್ಕೆ ಕಳ್ಳನೂ ಆಳೂ ಒಂದೇ ಎಂಬುದು ಇನ್ನೂ ದೊಡ್ಡ ಮಾತು.

ನಮ್ಮಲ್ಲಿ ಬಹುಕಾಲ ಮನೆಮಾತಾಗಿದ್ದ ಮಾನೋಕ್ರೋಟೋಫಾಸ್ ಕೀಟನಾಶಕವನ್ನು ಅರ್ಜೆಂಟೀನದ ರೈತರು ಮಿಡತೆಗೆ ಸಿಂಪಡಿಸುತ್ತಿದ್ದರು. ಉತ್ತರ ಅಮೆರಿಕದಿಂದ ಚಳಿಗಾಲ ಕಳೆಯಲು ಅಲ್ಲಿಗೆ ಹೋಗುವ ಸ್ವೇನ್ಸನ್ ಗಿಡುಗಗಳು ಆ ಮಿಡತೆಗಳನ್ನೇ ತಿನ್ನುತ್ತವೆ. 1995–96ರ ಒಂದೇ ಹಂಗಾಮಿನಲ್ಲಿ ಸುಮಾರು 20,000 ಗಿಡುಗಗಳು ಸತ್ತವೆಂದು ಅಂದಾಜು. ಮಿಡತೆ ಹಿಡಿಯುವ ಆಳನ್ನೇ ಮಿಡತೆಯ ಔಷಧಿ ಕೊಂದಿತು.

ನಮ್ಮ ಮನೆಯಂಗಳದ ಉದಾಹರಣೆ ರಣಹದ್ದಿನದು. ದನಕರುಗಳಿಗೆ ನೋವು, ಜ್ವರಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಚುಚ್ಚುಮದ್ದು ಸತ್ತ ದನದ ಮೈಯಲ್ಲಿ ಉಳಿದಿರುತ್ತಿತ್ತು. ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 1990ರ ದಶಕದಿಂದೀಚೆಗೆ ಬಿಳಿಬೆನ್ನಿನ ರಣಹದ್ದು ದೇಶದಲ್ಲಿ ನೂರಕ್ಕೆ ಒಂದೂ ಉಳಿಯದಂತಾಯಿತು. ಕಾರಣ ಪತ್ತೆಯಾದದ್ದು 2004ರಲ್ಲಿ. ಪಶುಗಳಿಗೆ ಆ ಔಷಧಿಯನ್ನು ಭಾರತ ನಿಷೇಧಿಸಿದ್ದು 2006ರಲ್ಲಿ. ಬೇಗೂರಿನಿಂದ ಒಂದು ಹಗಲಿನಲ್ಲಿ ಹೋಗಿಬರಬಹುದಾದ ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವ ಕಾರಣ 2012ರಲ್ಲಿ ಅದನ್ನು ರಣಹದ್ದುಧಾಮವೆಂದು ಘೋಷಿಸಲಾಯಿತು. ಅಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಸತ್ತ ದನವನ್ನು ಗಂಟೆಗಳಲ್ಲಿ ಚೊಕ್ಕಟ ಮಾಡುತ್ತಿದ್ದ ಜಾಡಮಾಲಿ ಹೋದ ಮೇಲೆ ಆ ಮಾಂಸ ಬೀದಿನಾಯಿಗಳ ಪಾಲಾಯಿತು. ರೈತ ಬೇಕೆಂದು ಒಂದು ರಣಹದ್ದನ್ನೂ ಕೊಲ್ಲಲಿಲ್ಲ. ಆದರೂ ಅವು ಸತ್ತದ್ದು ಕೊಟ್ಟಿಗೆಯ ದಾರಿಯಿಂದ.

ಈ ಹೊಲಕ್ಕೇ ಏಕೆ?

ಬೇಗೂರಿನ ಆ ಒಂದೆಕರೆಗೆ ಹಿಂತಿರುಗೋಣ. ನೂರು ಎಕರೆ ರಾಗಿ ಒಟ್ಟಿಗೆ ತೆನೆಯಾದಾಗ ಊರಿನ ಹಕ್ಕಿಗಳು ನೂರು ಎಕರೆಗೆ ಹಂಚಿಹೋಗುತ್ತಿದ್ದವು. ಪ್ರತಿಯೊಬ್ಬರ ಪಾಲಿಗೆ ಹಿಡಿ ಕಾಳಿನ ನಷ್ಟ. ಈಗ ತೊಂಬತ್ತೊಂಬತ್ತು ಎಕರೆ ಕಟ್ಟಡವಾಗಿ ಒಂದೆಕರೆ ಉಳಿದಿದೆ. ರಾಟವಾಳದ ಗುಂಪಿಗೆ ಇದೊಂದೇ ಊಟದ ಮನೆ. ಎತ್ತರದ ಕಟ್ಟಡಗಳು ಪಾರಿವಾಳಕ್ಕೆ ಬಂಡೆಯ ಬಿರುಕಿನಂತೆ. ಬಾಲ್ಕನಿ, ಪೈಪುಗಳ ಸಂದಿಯಲ್ಲಿ ವರ್ಷವಿಡೀ ಮರಿ ಮಾಡುತ್ತವೆ. ಪುಣ್ಯಕ್ಕೆಂದು ಕಾಳು ಚೆಲ್ಲುವವರಿಂದ ಅವುಗಳ ಸಂಖ್ಯೆ ಇನ್ನೂ ಹೆಚ್ಚುತ್ತದೆ. ಬಿತ್ತಿದ ಕಾಳು, ಕೊಯ್ದು ಹಾಕಿದ ತೆನೆ ಎರಡಕ್ಕೂ ಅವು ಇಳಿಯುತ್ತವೆ. ಇತ್ತ ಗೂಬೆ ವಾಸಿಸುತ್ತಿದ್ದ ಹಳೆಯ ಮರ, ಕಾಜಾಣ ಕೂರುತ್ತಿದ್ದ ಬದುವಿನ ಹೊಂಗೆ ಇಲ್ಲವಾದವು. ಕಳ್ಳರು ಹೆಚ್ಚಿದರು, ಆಳುಗಳು ಊರು ಬಿಟ್ಟರು. ಇದು ಹಕ್ಕಿಗಳು ಮಾಡಿದ್ದಲ್ಲ, ನಾವು ಭೂಮಿಯನ್ನು ಬಳಸಿದ ರೀತಿಯ ಫಲ.

ಇದಕ್ಕೆ ಎದುರಾದ ಊರೂ ನಮ್ಮಲ್ಲಿದೆ. ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ, ಅತ್ತಿ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು; 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಮರದಡಿ ಬೀಳುವ ಹಿಕ್ಕೆಯನ್ನು ಅಲ್ಲಿನ ರೈತರು ಕೂಡಿಟ್ಟು ಗೊಬ್ಬರ ಮಾಡಿಕೊಂಡರು. ಗೂಡಿನ ಕಾಲಕ್ಕೇ ಹುಣಸೆ ಬಡಿಯುವ ಕಾಲವೂ ಬರುವುದರಿಂದ ಫಸಲು ಬಿಟ್ಟುಕೊಡುವ ಮರದ ಒಡೆಯನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡಾಯಿತು. ಈ ಕೊನೆಯ ಮಾತೇ ಮುಖ್ಯ. ಪ್ರೀತಿ ಇತ್ತು, ಜೊತೆಗೆ ಲೆಕ್ಕವೂ ಇತ್ತು.

ಕೆರೆಯ ಹಕ್ಕಿ ನೋಡಲು ಬರುವವರಿಗೆ ಆನಂದ, ತೆನೆ ಕಳೆದುಕೊಂಡವನಿಗೆ ನಷ್ಟ. ಈ ಹಂಚಿಕೆ ನ್ಯಾಯವಲ್ಲ. ನಗರದ ಅಂಚಿನಲ್ಲಿ ಇನ್ನೂ ಉಳುತ್ತಿರುವ ರೈತ ಕಾಳು ಬೆಳೆಯುವುದರ ಜೊತೆಗೆ ಮಳೆನೀರು ಇಂಗಿಸುವ, ಹಕ್ಕಿಗೆ ನೆಲೆ ಕೊಡುವ ಕೆಲಸವನ್ನೂ ಮಾಡುತ್ತಿದ್ದಾನೆ. ಅವನ ಹಕ್ಕಿ ನಷ್ಟವನ್ನು ಆನೆ, ಹಂದಿಗಳ ನಷ್ಟದಂತೆಯೇ ಗಂಭೀರವಾಗಿ ಪರಿಗಣಿಸಬೇಕು. ನಾವು ವಿಜ್ಞಾನಿಗಳೂ ಹಕ್ಕಿ ತಿಂದ ಕಾಳನ್ನಷ್ಟೇ ಅಲ್ಲ, ಉಳಿಸಿದ ಕಾಳನ್ನೂ ಅಳೆದು ಹೇಳಬೇಕು.

ಅಲ್ಲಿಯವರೆಗೆ ಮಾಡಬಹುದಾದದ್ದು

1. ನೆರೆಯವರೊಂದಿಗೆ ಮಾತಾಡಿಕೊಂಡು ಒಂದೇ ವಾರದಲ್ಲಿ ಬಿತ್ತಿರಿ. ಮೊದಲು ತೆನೆಯಾದ ಹೊಲಕ್ಕೂ ಕೊನೆಗೆ ಉಳಿದ ಹೊಲಕ್ಕೂ ಪೆಟ್ಟು ಹೆಚ್ಚು.

2. ಹಕ್ಕಿಗಳು ಹೆಚ್ಚಾಗಿ ಮೇಯುವುದು ಬೆಳಗಿನ ಮತ್ತು ಸಂಜೆಯ ಹೊತ್ತು. ದಿನವಿಡೀ ಡಬ್ಬ ಬಡಿಯುವ ಬದಲು ಈ ಎರಡು ಹೊತ್ತು ಬಿಗಿಯಾಗಿ ಕಾಯಿರಿ. ಹಾಲು ತುಂಬಿದ ದಿನದಿಂದ ಕಾಳು ಗಟ್ಟಿಯಾಗುವವರೆಗಿನ ಕಾವಲು ಬಹಳ ಮುಖ್ಯ.

3. ಒಂದು ಕಡೆ ಕೆಂಪು, ಇನ್ನೊಂದು ಕಡೆ ಬೆಳ್ಳಿಬಣ್ಣದ ಹೊಳೆಯುವ ಪಟ್ಟಿಯನ್ನು ತೆನೆಗಿಂತ ಸುಮಾರು ಒಂದಡಿ ಮೇಲೆ, ತಿರುಚಿ, ಉತ್ತರ ದಕ್ಷಿಣವಾಗಿ ಕಟ್ಟಿರಿ. ಬೆದರುಬೊಂಬೆಯನ್ನು ಒಂದೇ ಜಾಗದಲ್ಲಿ ನಿಲ್ಲಿಸಬೇಡಿ. ಹಕ್ಕಿ ಬೇಗ ಕಲಿಯುತ್ತದೆ.

4. ಅವರೆ, ತೊಗರಿ, ಕಡಲೆಯಲ್ಲಿ ಹೂ ಬಿಡುವ ಹೊತ್ತಿಗೆ ಕವಲುಕೋಲು ನೆಡಿರಿ. ಜೋಳ, ಸೂರ್ಯಕಾಂತಿಯಲ್ಲಿ ಕಾಳು ಕಟ್ಟುವ ಮೊದಲು ಕಿತ್ತುಬಿಡಿ. ಇಲ್ಲವಾದರೆ ಆಳಿಗೆ ಹಾಕಿದ ಪೀಠದಲ್ಲಿ ಕಳ್ಳ ಕೂರುತ್ತಾನೆ.

5. ಕಣಜ ಗೂಬೆಯನ್ನು ಅಪಶಕುನವೆಂದು ಓಡಿಸಬೇಡಿ. ಅದರ ಹೆಸರೇ ಹೇಳುವಂತೆ ಅದು ಕಣಜದ ಕಾವಲುಗಾರ. ಮಲೇಷಿಯದ ತಾಳೆ ತೋಟಗಳಲ್ಲಿ ಇಲಿ ಹತೋಟಿಗೆ ಪೆಟ್ಟಿಗೆ ಗೂಡು ಕಟ್ಟಿ ಇದನ್ನೇ ಸಾಕಿಕೊಳ್ಳುತ್ತಾರೆ. ಬ್ರೋಮಾಡಿಯೋಲೋನ್ ತಿಂದ ಇಲಿಯನ್ನು ಗೂಬೆ ತಿಂದರೆ ಅದಕ್ಕೂ ಅಪಾಯ. ಸತ್ತ ಇಲಿಗಳನ್ನು ಆರಿಸಿ ಹೂಳಿರಿ.

6. ದನಕ್ಕೆ ನೋವಿನ ಚುಚ್ಚುಮದ್ದು ಬೇಕಾದಾಗ ಪಶುವೈದ್ಯರ ಮೂಲಕ ಮೆಲಾಕ್ಸಿಕಾಮ್ ಕೊಡಿಸಿರಿ. ಮನುಷ್ಯರ ಡೈಕ್ಲೋಫೆನಾಕ್ ಬಳಸಲೇಬೇಡಿ.

7. ಬದುವಿನಲ್ಲಿ ಒಂದಾದರೂ ಹೊಂಗೆಯೋ ಅತ್ತಿಯೋ ಇರಲಿ.

ಇವನ್ನೇ ನಾನು ಬೇಗೂರಿನ ಆ ಹಿರಿಯರಿಗೂ ಹೇಳಿದೆ. ಅವರ ಮುಖದಲ್ಲಿ ಪೂರ್ತಿ ಸಮಾಧಾನ ಕಾಣಲಿಲ್ಲ. ಮೂರು ಕಡೆ ಕಟ್ಟಡ ಇರುವಾಗ ಯಾವ ನೆರೆಯವರೊಂದಿಗೆ ಸೇರಿ ಬಿತ್ತಲಿ ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪಟ್ಟಿ ಕಟ್ಟಿ ನೋಡೋಣವೆಂದೆ. ಅಷ್ಟರಲ್ಲಿ ಅವರೆಯ ಸಾಲಿನ ಕೋಲೊಂದರ ಮೇಲೆ ಕಾಜಾಣ ಬಂದು ಕುಳಿತಿತು. ಅವರು ಡಬ್ಬ ಎತ್ತಿದರು, ಹಕ್ಕಿಯನ್ನು ನೋಡಿದರು, ಹಾಗೆಯೇ ಕೆಳಗಿಟ್ಟರು. “ಇದು ನಮ್ಮದೇ. ಇನ್ನೊಂದು ವರ್ಷ ನೋಡ್ತೀನಿ ಸ್ವಾಮಿ” ಎಂದರು.

ಬಾಂಧವರೇ, ಈ ಹಂಗಾಮಿನಲ್ಲಿ ನಿಮ್ಮ ಲೆಕ್ಕದ ಪುಸ್ತಕದ ಒಂದು ಪುಟವನ್ನು ಹಕ್ಕಿಗಳಿಗೆ ಮೀಸಲಿಡಿ. ತಾರೀಖು, ಹಕ್ಕಿಯ ಹೆಸರು, ಬೆಳೆಯ ಹಂತ, ಅದು ತಿಂದದ್ದು ಕಾಳೋ ಹುಳವೋ, ಇಷ್ಟನ್ನು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಕೊಕ್ಕಿನ ಆಕಾರ ಬರೆಯಿರಿ, ಸಾಕು. ಹಂಗಾಮು ಮುಗಿದ ಮೇಲೆ ಆ ಪುಟವನ್ನು ಹತ್ತಿರದ ವಿಸ್ತರಣಾ ಕೇಂದ್ರಕ್ಕೆ ತಂದು ತೋರಿಸಿರಿ. ಹೊಲಕ್ಕೆ ಬಂದವನು ಕಳ್ಳನೋ ಆಳೋ ಎಂದು ತೀರ್ಮಾನಿಸುವ ಅಧಿಕಾರ ನಿಮ್ಮದೇ. ಲೆಕ್ಕ ನೋಡಿ ತೀರ್ಮಾನಿಸಿರಿ ಎಂದಷ್ಟೇ ನನ್ನ ಕೋರಿಕೆ.